ಓರೆ ಬೆಳಕು

"ನನ್ನ ಮೂರು ತಿಂಗಳ ಕೆಲ್ಸ ಹಾಳು ಮಾಡ್ಬಿಟ್ರಲ್ರೀ!"

ಅಜ್ಜಂಪುರದ ಆ ಪುಟ್ಟ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳಲು ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಲ್ಲಿಕಾಂಬಳ ಮುಖ ಕಪ್ಪಿಟ್ಟಿತು.

ಕೂಗಾಡುತ್ತಿದ್ದವನು ಕರಿಸಿದ್ದಪ್ಪ, ಯಗಟಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ತಾನೇ ಕನ್ನಡಿ ಉಜ್ಜಿ, ಮೋಟು ಕೊಳವೆಯ ಅಗಲ ಬಾಯಿಯ ದೂರದರ್ಶಕ ಕಟ್ಟಿದ್ದ. ನಕ್ಷತ್ರಗಳ ನಡುವೆ ಹೊಳೆಯುವ ಕೆಂಪು ಅನಿಲದ ಮೋಡವೊಂದರ ಫೋಟೋ ತೆಗೆಯುವ ಹುಚ್ಚು ಅವನಿಗೆ. ಆ ಫಿಲ್ಮ್ ತೊಳೆದು ಕೊಡುತ್ತಿದ್ದವಳು ಮಲ್ಲಿಕಾಂಬ. ಮೂರನೆಯ ಸಲವೂ ನಾಲ್ಕು ನಕ್ಷತ್ರ ಬಿಟ್ಟರೆ ಏನೂ ಮೂಡಿರಲಿಲ್ಲ.

"ಪೂರ್ತಿ ಕತ್ಲೆಲೇ ತೊಳ್ದಿದೀನಿ ಮೇಷ್ಟ್ರೇ... ಕ್ಯಾಮೆರಾ ಮುಂದೆ ಹಾಕ್ತೀರಲ್ಲ, ಆ ಫಿಲ್ಟರ್ ಗಾಜನ್ನೇ ಒಂದ್ಸಲ ನೋಡಿ."

"ಅದ್ರ ಸುದ್ದಿಗೆ ಬರ್ಬೇಡಿ! ನಮ್ಮಣ್ಣ ಆರಿಸಿದ್ದು ಅದು!"

ಫಿಲ್ಮಿನ ಜೊತೆ ತಂದಿದ್ದ ಆ ಗಾಜನ್ನು ಮೇಜಿನ ಮೇಲೇ ಬಿಟ್ಟು ಹೊರಟೇಹೋದ.

ಬೇರೆ ಯಾರಾದರೂ ಅಂದಿದ್ದರೆ ಸಹಿಸುತ್ತಿದ್ದೆ... ಇವನೇ ಅಂದನಲ್ಲ! ಎಷ್ಟು ದಿನದಿಂದ ಇವನ ದಾರಿ ಕಾದಿದ್ದೆ! ಅವಳ ಎದೆ ಒಡೆಯಿತು.

ಲಕ್ವ ಹೊಡೆದು ಒಳಗೆ ಮಲಗಿದ್ದ ಅಪ್ಪ ಈರಭದ್ರಪ್ಪನಿಗೂ ಕೂಗು ಕೇಳಿಸಿತ್ತು. ಕೆಲಸ ಕಲಿಸಿದವನು ಅವನೇ.

"ನಿನ್ ಕೈ ಕೆಟ್ಟೋಯ್ತೇನೇ ಮಗಳೇ?"

"ಇಲ್ಲ ಅಪ್ಪಾಜಿ... ಆಣೆ ಮಾಡ್ತೀನಿ."

ಊರ ಬಾಯಿಗೆ ಬೀಗ ಉಂಟೇ? ಮದುವೆ ಫೋಟೋಗಳೆಲ್ಲ ತರೀಕೆರೆಯ ಸ್ಟುಡಿಯೋ ಪಾಲಾದವು. ನಾಲ್ಕನೆಯ ವಾರ ಅಪ್ಪ, "ಸ್ಟುಡಿಯೋ ಮಾರ್ಬಿಡು ತಾಯಿ, ನಿನ್ ಕೈಲಿ ಆಗಲ್ಲ" ಎಂದ. ಅದೇ ಅವನ ಕೊನೆಯ ಮಾತಾಯಿತು.

ಕಾರ್ಯವೆಲ್ಲ ಮುಗಿದ ಮೇಲೆ ಮೇಜು ಒರೆಸುವಾಗ ಆ ಗಾಜು ಅವಳ ಕೈಗೆ ಸಿಕ್ಕಿತು. ಕಿಟಕಿಗೆ ನೇರ ಹಿಡಿದಳು. ಗಾಢ ಕೆಂಪು. ಓರೆ ಮಾಡಿದಳು... ಕೆಂಪು ಹೋಗಿ ಕಿತ್ತಳೆ!

ಮೋಡದ ಆ ಒಂದೇ ಕೆಂಪನ್ನು ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುವ ಗಾಜು ಅದು. ಆದರೆ ಅವನ ದೂರದರ್ಶಕದ್ದು ಅಗಲ ಬಾಯಿ, ಮೋಟು ಕೊಳವೆ; ಅಂಚಿನಿಂದ ಬೆಳಕು ಬರುವುದೇ ಓರೆಯಾಗಿ. ಓರೆ ಬಂದರೆ ಆ ಕೆಂಪನ್ನೂ ಗಾಜು ತಡೆಯುತ್ತದೆ!

ಮರುದಿನವೇ ಯಗಟಿಯ ಬಸ್ಸು ಹತ್ತಿದಳು.

ಶಾಲೆಯ ಅಂಗಳದಲ್ಲಿ ಅವಳು ಹೇಳಿದ್ದನ್ನೆಲ್ಲ ಅವನು ತಲೆ ತಗ್ಗಿಸಿ ಕೇಳಿದ.

"ಗೊತ್ತಿತ್ತು," ಎಂದ. "ಎರಡ್ನೇ ಸಲಾನೇ ಅನುಮಾನ ಬಂದಿತ್ತು. ಒಂದೇ ಕೆಂಪು ಬಿಡೋ ಇಷ್ಟು ಬಿಗಿ ಗಾಜು ಆಗಲ್ಲ, ಅಕ್ಕಪಕ್ಕದ ಬೆಳಕನ್ನೂ ಬಿಡೋದು ಬೇಕು ಅಂತ. ಆದ್ರೆ... ಇದನ್ನ ತರ್ತಿದ್ದಾಗ್ಲೇ ನಮ್ಮಣ್ಣ ಲಾರಿಗೆ ಸಿಕ್ದ. ಜೇಬಲ್ಲಿತ್ತು. ಅಣ್ಣ ತಪ್ಪು ಆರಿಸ್ದ ಅನ್ನೋಕೆ ನಾಲಿಗೆ ಏಳ್ಲಿಲ್ಲ ಕಣ್ರೀ. ನಿಮ್ ತಲೆಗೆ ಕಟ್ಬಿಟ್ಟೆ."

"ನನ್ ಕೈ ಕೆಟ್ಟಿದೆ ಅಂದ್ಕೊಂಡೇ ಅಪ್ಪಾಜಿ ಹೋಗ್ಬಿಟ್ರು, ಮೇಷ್ಟ್ರೇ..."

ಸಾವಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು ಅವಳ ಜೊತೆಗೇ ಬಸ್ಸು ಹತ್ತಿದ.

ಹೊಲದ ಬದಿಯ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅವನು ಮಂಡಿಯೂರಿದ.

"ಯಜಮಾನ್ರೇ, ನಿಮ್ ಮಗಳ ಕೈ ಕೆಟ್ಟಿರ್ಲಿಲ್ಲ. ಸುಳ್ಳು ನಂದು."

"ಅವತ್ತು ಕೂಗಿದ್ರಲ್ಲ... ಅಷ್ಟೇ ಜೋರಾಗಿ ಹೇಳಿ," ಎಂದಳು. ಅವಳ ಕಣ್ಣಲ್ಲಿ ನೀರು ಧಾರಾಕಾರ.

ಅವನು ಕೂಗಿ ಹೇಳಿದ. ಪಕ್ಕದ ಹೊಲದವರು ಕೆಲಸ ನಿಲ್ಲಿಸಿ ನೋಡಿದರು.

"ಇನ್ನೊಂದ್ ಮಾತಿದೆ ಮಲ್ಲಿಕಾಂಬ. ನಿಮ್ಮನ್ನ ಕೇಳೋ ಯೋಗ್ಯತೆ ನಂಗಿಲ್ಲ..."

"ಅದನ್ನ ಮೆತ್ತಗೆ ಹೇಳಿ," ಎಂದು ಅವಳು ಅವನ ಪಕ್ಕದಲ್ಲೇ ಕೂತಳು. "ಅಪ್ಪಾಜಿಗೆ ಕೇಳೋ ಅಷ್ಟು ಸಾಕು."