ತಾಯಿಹಿಟ್ಟು

"ಅಯ್ಯೋ ಪಾಪಿ, ಕೆಳಗಿಡೋ ಅದನ್ನ!"

ಅವಳು ಅವನಿಗೆ ಆಡಿದ ಮೊದಲ ಮಾತೇ ಇದು. ತೋಟದ ನೀರೆತ್ತುವ ಗಾಳಿಯಂತ್ರ ರಿಪೇರಿ ಮಾಡಲು ಬಂದವನು ನೀರು ಕೇಳಿಕೊಂಡು ಅಡುಗೆಮನೆಗೆ ಬಂದಿದ್ದ. ಕಿಟಕಿಯ ಹತ್ತಿರ ಹುಳಿ ವಾಸನೆ ಹೊಡೆಯುತ್ತಾ ಗುಳುಗುಳು ಎನ್ನುತ್ತಿದ್ದ ಮಣ್ಣಿನ ಭರಣಿ ಕಂಡು, ಯಾರೋ ಮರೆತ ಹಳಸಲು ಇರಬೇಕೆಂದು, ಉಪಕಾರಕ್ಕೆ ಗೊಬ್ಬರದ ಬುಟ್ಟಿಗೆ ಸುರಿಯಲು ಎತ್ತಿದ್ದ.

"ಹಳಸಿದೆ ಕಣ್ರೀ ಇದು."

"ಹಳಸಿರೋದು ನಿನ್ನ ಬುದ್ಧಿ. ಅದು ತಾಯಿಹಿಟ್ಟು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡದು."

ಅವನು ಭರಣಿಯನ್ನು ಎರಡೂ ಕೈಯಲ್ಲಿ ಇಳಿಸಿ ಅದಕ್ಕೇ ಕೈಮುಗಿದ. "ತಪ್ಪಾಯ್ತಮ್ಮಾ, ದೊಡ್ಡೋರು ಅಂತ ಗೊತ್ತಾಗ್ಲಿಲ್ಲ."

ಅವಳಿಗೆ ನಗು ಬಂತು. ಬಯ್ಯುವಾಗ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆ ಕಚ್ಚಿದ ತುಟಿಯನ್ನು ಅವನು ನೋಡಿಬಿಟ್ಟ. ಅಲ್ಲಿಗೆ ಇಬ್ಬರ ಕಥೆಯೂ ಮುಗಿಯಿತು ಎನ್ನಿ.

ಆ ತೋಟದಲ್ಲಿ ಇಪ್ಪತ್ತಮೂರು ಜನ. ಪ್ರಾರ್ಥನೆ ಬಾಯಲ್ಲಿ ಹೇಳುವುದಲ್ಲ, ಕೈಯಲ್ಲಿ ಮಾಡುವುದು ಎಂದು ನಂಬಿದವರು. ಗೊಬ್ಬರದ ಗುಂಡಿ ಮಗುಚುವುದು ಪ್ರಾರ್ಥನೆ, ಮೇಕೆ ಹಾಲು ಕರೆಯುವುದು ಪ್ರಾರ್ಥನೆ, ಪಾತ್ರೆ ತೊಳೆದ ನೀರನ್ನು ಸೊಪ್ಪಿನ ಪಾತಿಗೆ ಬಿಡುವುದೂ ಪ್ರಾರ್ಥನೆ. ದೇವರು ಮಣ್ಣು, ನೀರು, ಕೈ ಕೊಟ್ಟಿದ್ದಾನೆ, ಊಟಕ್ಕೆ ಅಷ್ಟು ಸಾಕು. ಅಂಗಡಿಯ ಪೊಟ್ಟಣವನ್ನು ಊಟದ ಮೇಜಿಗೆ ತಂದವರು ಮಾತ್ರ ಗೇಟಿನ ಹೊರಗೆ. ಪ್ರತಿ ಶನಿವಾರ ಬ್ರೆಡ್ಡು ಮುರಿಯುವ ಮುಂಚೆ ಎಲ್ಲರೂ ಆ ವಾರದ ತಪ್ಪನ್ನು ಮೇಜಿನ ಮುಂದೆ ಒಪ್ಪಿಕೊಳ್ಳಬೇಕು. ತಪ್ಪು ಮಾಡದವರೂ ಮರ್ಯಾದೆ ಉಳಿಸಿಕೊಳ್ಳಲು ಒಂದನ್ನು ಹುಡುಕಿ ತರುತ್ತಿದ್ದರು.

ಆ ಬ್ರೆಡ್ಡು ಉಬ್ಬುತ್ತಿದ್ದದ್ದು ತಾಯಿಹಿಟ್ಟಿನಿಂದ. ಅವಳ ಅಜ್ಜಿ ತೋಟ ಕಟ್ಟಿದ ಕಾಲದಲ್ಲಿ ಹಿಟ್ಟು ನೀರು ಕಲಸಿ ಹುಳಿ ಬರಿಸಿದ್ದು. ಪ್ರತಿ ಸಲ ಒಂದು ಮುಷ್ಟಿ ಉಳಿಸಿ, ದಿನಾ ಬೆಳಿಗ್ಗೆ ಹೊಸ ಹಿಟ್ಟು ಉಣಿಸಿ ಇಲ್ಲಿಯವರೆಗೆ ಜೀವಂತ ಇಟ್ಟಿದ್ದರು. ಗಾಳಿಯಲ್ಲಿರುವ ದೇವರ ಉಸಿರೇ ಅದರೊಳಗೆ ಸೇರಿ ಉಬ್ಬಿಸುತ್ತದೆ ಎಂದು ಅವರ ನಂಬಿಕೆ. ಈಗ ಅದನ್ನು ನೋಡಿಕೊಳ್ಳುವವಳು ಇವಳು, ತೋಟದ ಹಿರಿಯನ ಒಬ್ಬಳೇ ಮಗಳು.

ಒಂದು ಗಾಳಿಯಂತ್ರದ ಬೋಲ್ಟು ಬಿಗಿಮಾಡಲು ಎಷ್ಟು ದಿನ ಬೇಕು? ಮನಸ್ಸಿದ್ದರೆ ಏಳು ತಿಂಗಳು.

"ಅಣ್ಣಾ, ಆ ಸೌದೆ ಸ್ವಲ್ಪ ಒಳಗೆ ಹಾಕ್ತೀಯಾ?" ಎಂದಳು ಎರಡನೇ ವಾರ.

ಅವನು ಸೌದೆ ಹಾಕಿದ. ಆಮೇಲೆ ಬಾಗಿಲಿಗೆ ಒರಗಿ, "ಸೌದೆ ಎಷ್ಟು ಬೇಕಾದ್ರೂ ಹೊರ್ತೀನಿ. ಅಣ್ಣ ಅನ್ನೋದೊಂದು ಬಿಟ್ಟು ಇನ್ನೇನು ಬೇಕಾದ್ರೂ ಕರೀರಿ," ಎಂದ.

"ಮತ್ತೇನನ್ನಲಿ?"

"ಯೋಚನೆ ಮಾಡಿ. ನನಗೇನು ಅವಸರ ಇಲ್ಲ, ಬೋಲ್ಟು ಇನ್ನೂ ಸಡಿಲ ಇದೆ."

ಅವಳು ಹಿಟ್ಟಿನ ಕೈಯಲ್ಲೇ ಬಾಗಿಲು ಹಾಕಿದಳು. ಬಾಗಿಲ ಹಿಂದೆ ನಿಂತು ಸುಮ್ಮನೆ ನಕ್ಕಳು. ಮಾರನೆಯ ದಿನದಿಂದ ಅವನು ಮೇಸ್ತ್ರಿ, ಅವಳು ಅವನ ಬಾಯಲ್ಲಿ ಹಿಟ್ಟಮ್ಮ.

ಗಾಳಿಯಂತ್ರ ಕೊನೆಗೂ ತಿರುಗಿದ ದಿನ ಅವನು ಅವಳನ್ನು ದಿಬ್ಬದ ಮೇಲೆ ಕರೆದುಕೊಂಡು ಹೋದ. ರೆಕ್ಕೆಗಳು ಮೊದಲ ಸುತ್ತು ಹಾಕಿ, ಕೆಳಗೆ ತೊಟ್ಟಿಗೆ ನೀರು ಬಿದ್ದ ಸದ್ದು ಕೇಳಿದಾಗ ಅವಳು ಪುಟ್ಟ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ತಟ್ಟುತ್ತಿದ್ದ ಒಂದು ಕೈಯನ್ನು ಅವನು ಹಿಡಿದುಕೊಂಡ. ಗ್ರೀಸು ಮೆತ್ತಿದ ಕೈ. ಬಿಡಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ.

"ಮೇಸ್ತ್ರಿ, ಕೈ ಕಪ್ಪಾಗುತ್ತೆ."

"ಆಗ್ಲಿ ಬಿಡು. ಶನಿವಾರ ಒಪ್ಪಿಸೋಕೆ ನಿನಗೂ ಒಂದು ತಪ್ಪು ಬೇಕಲ್ಲ."

ಸಂಜೆ ಇಳಿದು ಬಂದು, ಕೊಟ್ಟಿಗೆಯಲ್ಲಿ ಕೂತು ಹದಿನಾಲ್ಕು ಮೇಕೆಗಳ ಹಾಲು ಕರೆದಳು. ಕೊನೆಯ ಮೇಕೆಯ ಹೊತ್ತಿಗೆ ತಾಯಿಹಿಟ್ಟು ನೆನಪಾಯಿತು. ಬೆಳಿಗ್ಗೆ ಚಳಿ ಎಂದು ಭರಣಿಯನ್ನು ಒಲೆಯ ನೆತ್ತಿಯ ಮೇಲೆ ಇಟ್ಟಿದ್ದಳು, ದಿಬ್ಬದ ಸಂಭ್ರಮದಲ್ಲಿ ಇಳಿಸಲು ಮರೆತಿದ್ದಳು. ಒಲೆ ದಿನವಿಡೀ ಉರಿದಿತ್ತು. ತಾಯಿಹಿಟ್ಟು ಬೆಂದು ಸತ್ತಿರಬೇಕು. ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಓಡಿದಳು.

ಭರಣಿ ಕಿಟಕಿಯ ಹತ್ತಿರ ಇತ್ತು. ಹಿಟ್ಟು ನೊರೆನೊರೆಯಾಗಿ ಬಾಯಿ ಮೀರಿ ಉಕ್ಕಿ ಇಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅದು ಹಾಗೆ ಉಕ್ಕಿದ್ದಿಲ್ಲ.

ಬೇರೆ ಯಾರಾದರೂ ಆಗಿದ್ದರೆ, ಇದೇನು ವಿಚಿತ್ರ, ಭರಣಿ ಇಳಿಸಿದವರು ಯಾರು ಎಂದು ವಿಚಾರಿಸುತ್ತಿದ್ದರು. ಇವಳು ಮೊಣಕಾಲೂರಿ ಅತ್ತಳು. ಆ ಶನಿವಾರ ಮೇಜಿನ ಮುಂದೆ ಎದ್ದು ನಿಂತು, ಕೈ ಹಿಡಿದದ್ದನ್ನೂ ಭರಣಿ ಮರೆತದ್ದನ್ನೂ ಹೇಳಿ, "ಆದ್ರೂ ದೇವರು ಉಕ್ಕಿಸಿದ. ನಮ್ಮಿಬ್ಬರನ್ನ ಒಪ್ಪಿದ," ಎಂದಳು. ಇಪ್ಪತ್ತಮೂರು ಜನರ ಕಣ್ಣಲ್ಲಿ ನೀರು. ಹೊರಗಿನವನಿಗೆ ಮಗಳನ್ನು ಕೊಡಲ್ಲ ಎಂದು ಕಲ್ಲಿನಂತೆ ಕೂತಿದ್ದ ಹಿರಿಯ ಕೂಡ ಅಂದೇ ಮದುವೆಯ ದಿನ ಗೊತ್ತುಮಾಡಿದ. ಮೇಸ್ತ್ರಿಯೊಬ್ಬನೇ ತಲೆ ಎತ್ತಲಿಲ್ಲ. ನಾಚಿಕೆ ಎಂದುಕೊಂಡರು.

ಮದುವೆಗೆ ಒಂಬತ್ತು ದಿನ ಇತ್ತು. ಅವಳು ಬೆಳಿಗ್ಗೆ ಬೇಗ ಎದ್ದು ಅಡುಗೆಮನೆಗೆ ಬಂದರೆ ಅವನು ಭರಣಿಯ ಮುಂದೆ ನಿಂತಿದ್ದ. ಕೈಯಲ್ಲಿ ಹರಿದ ಪೊಟ್ಟಣ. ಹಿಟ್ಟು ಉಬ್ಬಿಸುವ ಬೇಕರಿಯ ಯೀಸ್ಟು.

ಅವನು ಅಡಗಿಸಲು ಹೋಗಲಿಲ್ಲ. "ಆವತ್ತು ನೀರು ಕುಡಿಯೋಕೆ ಬಂದೆ. ಭರಣಿ ಒಲೆ ಮೇಲಿತ್ತು, ಒಳಗೆ ಹಿಟ್ಟು ಬೆಂದು ಇಟ್ಟಿಗೆ ಆಗಿತ್ತು. ನಿನ್ನ ಮುಖ ನೆನಪಾಯ್ತು. ನಾನು ಮುಂಚೆ ಮೆಷಿನ್ ನೋಡ್ಕೊಳ್ತಿದ್ದ ಬೇಕರಿಗೆ ಸೈಕಲ್ ಹೊಡ್ಕೊಂಡು ಹೋಗಿ ಇದನ್ನ ತಂದು ಹೊಸ ಹಿಟ್ಟಿಗೆ ಕಲಸಿಟ್ಟೆ, ಆವತ್ತಿಂದ ವಾರವಾರ ಇದೇ. ನೀನು ಅದನ್ನ ಪವಾಡ ಅಂತ ಎಲ್ಲರ ಮುಂದೆ ಹೇಳ್ತೀಯಾ ಅಂತ ನನಗೇನು ಗೊತ್ತು? ಹೇಳಿದ ಮೇಲೆ ನಾನು ಹೇಗೆ ಬಾಯಿ ಬಿಡ್ಲಿ?"

"ಎರಡು ತಿಂಗಳಿಂದ ನಾವು ತಿಂತಿರೋದು..."

"ಬ್ರೆಡ್ಡೇ. ವಿಷ ಅಲ್ಲ."

"ದೇವರ ಹೆಸರಲ್ಲಿ ಸುಳ್ಳು ಹೇಳಿಸಿದೆ ನನ್ನ ಕೈಲಿ."

"ಹೌದು. ನಿನಗೋಸ್ಕರ." ಅವನು ಹತ್ತಿರ ಬಂದ. "ಹಿಟ್ಟಮ್ಮ, ಒಂದು ಸಲ, ಒಂದೇ ಒಂದು ಸಲ ಬಾಯಿ ಮುಚ್ಕೊಂಡಿರು. ಮದುವೆ ಆಗ್ಲಿ. ಜೀವನಪೂರ್ತಿ ನಿನ್ನ ಗೊಬ್ಬರದ ಗುಂಡಿ ಮಗುಚ್ತೀನಿ."

ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅವಳು ಆ ಕಣ್ಣನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದಳು. ಆದರೆ ಹುಟ್ಟಿದಾಗಿನಿಂದ ಪ್ರತಿ ಶನಿವಾರ ಎದ್ದು ನಿಂತ ಹೆಣ್ಣು ಅದು. ಬಾಯಿ ಮುಚ್ಚಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಶನಿವಾರ ಎದ್ದು ನಿಂತಳು. ಎಲ್ಲವನ್ನೂ ಹೇಳಿದಳು. ಹೇಳುವಾಗ ಅವನ ಕಡೆ ನೋಡಲಿಲ್ಲ. ಮೇಜಿನ ತುದಿಯಲ್ಲಿ ಅಜ್ಜಿ ತಲೆ ತಗ್ಗಿಸಿ ತನ್ನ ತಟ್ಟೆಯನ್ನೇ ನೋಡುತ್ತಿದ್ದಳು.

ಹಿರಿಯ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. "ಅವನ ಬ್ರೆಡ್ಡು ಅವನಿಗೆ ಕೊಟ್ಟು ಕಳಿಸಿ," ಎಂದ ಅಷ್ಟೇ. ಅಂದು ಸುಟ್ಟ ಹನ್ನೆರಡೂ ಬ್ರೆಡ್ಡನ್ನು ಚೀಲಕ್ಕೆ ತುಂಬಿ ಸೈಕಲ್ಲಿಗೆ ಕಟ್ಟಿದರು. ಗೇಟು ಹಾಕುವ ಕೆಲಸವನ್ನು ಮಗಳಿಗೇ ವಹಿಸಿದ.

"ಬಿಸಿ ಇದೆ ಇನ್ನೂ," ಎಂದ ಮೇಸ್ತ್ರಿ ಚೀಲ ಮುಟ್ಟಿ. "ಚೆನ್ನಾಗಿ ಉಬ್ಬಿದೆ."

"ನಾನು ಸುಳ್ಳು ಹೇಳಲಾರೆ ಮೇಸ್ತ್ರಿ."

"ಗೊತ್ತಾಯ್ತಲ್ಲ."

ಅವಳು ಅಗುಳಿ ಹಾಕಿದಳು. ಅವನೇ ಎಣ್ಣೆ ಬಿಟ್ಟು ಸರಿಮಾಡಿದ್ದ ಅಗುಳಿ, ಸದ್ದೇ ಆಗದೆ ಕೂತಿತು.

ಮದುವೆಯ ದಿನ ಬಂತು, ಹೋಯಿತು. ಹೊಸ ತಾಯಿಹಿಟ್ಟು ಕಟ್ಟಿದಳು, ಕೆಟ್ಟಿತು. ಮತ್ತೆ ಕಟ್ಟಿದಳು, ಬೂಸ್ಟು ಬಂತು. ಬ್ರೆಡ್ಡು ಹಲಗೆಯಂತಾಗಿ ಮುದುಕರು ಹಾಲಿನಲ್ಲಿ ನೆನೆಸಿ ತಿಂದರು. ಒಂದು ಮಧ್ಯಾಹ್ನ, ಅವರೆಕಾಳು ಆರಿಸುತ್ತಾ ಕೂತಿದ್ದ ಅಜ್ಜಿ, "ನನ್ನದೂ ಸತ್ತಿತ್ತು," ಎಂದಳು.

"ಏನು ಸತ್ತಿತ್ತು?"

"ಭರಣಿ. ಎರಡನೇ ವರ್ಷ, ನಿಮ್ಮಪ್ಪ ಆಗ ಹೊಟ್ಟೇಲಿದ್ದ. ನಿಮ್ಮಜ್ಜ ನನಗೆ ಗೊತ್ತಾಗದ ಹಾಗೆ ಪೇಟೆಯಿಂದ ಪೊಟ್ಟಣ ತಂದು ಸುರಿದ್ರು. ನಾನು ನೋಡಿದೆ."

"ನೋಡಿ?"

"ನೋಡಿ ಏನು? ಬಾಯಿ ಮುಚ್ಕೊಂಡೆ. ನಲವತ್ತು ವರ್ಷ ಸಂಸಾರ ಮಾಡಿದೆ."

ಅವಳು ಅಜ್ಜಿಯ ಮುಂದಿನ ಮೊರ ಬದಿಗೆ ತಳ್ಳಿದಳು. "ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ ಅಜ್ಜಿ? ಅವನನ್ನ ಕಳಿಸ್ತಿದ್ರೆ ನೋಡ್ತಾ ಕೂತಿದ್ಯಲ್ಲ!"

"ಈ ವಯಸ್ಸಲ್ಲಿ ಗೇಟಿನ ಹೊರಗೆ ನಾನೆಲ್ಲಿಗೆ ಹೋಗ್ಲಿ ಮಗಳೇ? ನೀನಾದ್ರೂ ಏನು, ನೆಟ್ಟಗೆ ಮೇಜಿಗೆ ಹೋಗಿ ಹೇಳಿದೆ. ದೇವರಿಗೆ ಹೇಳೋ ಮುಂಚೆ ಅಜ್ಜಿಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಆ ಶನಿವಾರ ಅವಳು ಮೇಜಿನ ಮುಂದೆ ಎದ್ದು, ಮೇಕೆಯೊಂದಕ್ಕೆ ಹೊಡೆದೆ ಎಂದು ಒಪ್ಪಿಕೊಂಡು ಕೂತಳು. ಸೋಮವಾರ ಪೇಟೆಗೆ ನಡೆದಳು.

ಬೇಕರಿಯ ಹಿಂಬಾಗಿಲಲ್ಲಿ ಅವನು ಕಲಸುವ ಮೆಷಿನ್ ಬಿಚ್ಚಿಕೊಂಡು ಕೂತಿದ್ದ. ತಲೆಯ ಮೇಲೆಲ್ಲಾ ಹಿಟ್ಟು. ಅವಳನ್ನು ಕಂಡು ಎದ್ದ. ಆ ಒಂದು ಕ್ಷಣ ಅವನ ಮುಖ ಬೆಳಗಿದ್ದನ್ನು ಅವಳು ನೋಡಿದಳು, ಸತ್ತರೂ ಮರೆಯುವಂತಿರಲಿಲ್ಲ ಅದು.

"ಈಗ ನೀನು ಹಿಟ್ಟಪ್ಪ ಆಗಿದ್ದೀಯ," ಎಂದಳು.

ಅವನು ನಕ್ಕ. ಅವಳು ಒಂದೇ ಉಸಿರಿಗೆ ಅಜ್ಜಿಯ ಕಥೆ ಹೇಳಿದಳು. ಅಜ್ಜಿಯ ಭರಣಿ, ಅಜ್ಜನ ಪೊಟ್ಟಣ, ನಲವತ್ತು ವರ್ಷ. "ನೀನು ಮಾಡಿದ್ದು ಹೊಸ ತಪ್ಪೇನಲ್ಲ ಮೇಸ್ತ್ರಿ. ಆ ಮನೆ ನಿಂತಿರೋದೇ ಅದರ ಮೇಲೆ."

ಅವನ ನಗು ನಿಧಾನಕ್ಕೆ ಇಳಿಯಿತು. "ಇದನ್ನ ಮೇಜಲ್ಲಿ ಹೇಳಿದ್ಯಾ?"

ಅವಳು ಬಿಚ್ಚಿಟ್ಟಿದ್ದ ಮೆಷಿನ್ ಕಡೆ ನೋಡಿದಳು.

"ಹೇಳಿದ್ಯಾ?"

"ಅಜ್ಜಿನ ಹೊರಗೆ ಹಾಕ್ತಾರೆ. ಅವಳೆಲ್ಲಿಗೆ ಹೋಗ್ತಾಳೆ?"

"ನಾನೆಲ್ಲಿಗೆ ಹೋದೆ ಅಂತ ಯೋಚನೆ ಮಾಡಿದ್ಯಾ ಆವತ್ತು?" ಅವನ ದನಿ ಏರಲೇ ಇಲ್ಲ. "ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂದ್ಕೊಂಡಿದ್ದೆ. ಆ ಒಂದು ಸಮಾಧಾನ ಇತ್ತು ನನಗೆ. ಈಗ ನೋಡಿದ್ರೆ ಬರುತ್ತೆ. ಅಜ್ಜಿಗೋಸ್ಕರ ಬರುತ್ತೆ. ನನಗೋಸ್ಕರ ಬರ್ಲಿಲ್ಲ."

"ನಾನೇ ಬಂದ್ಬಿಡ್ತೀನಿ. ಈಗ್ಲೇ. ತೋಟ ಬೇಡ, ಏನೂ ಬೇಡ. ನೀನಂದ್ರೆ ನನಗೆ ಜೀವ ಮೇಸ್ತ್ರಿ."

"ನೀನಂದ್ರೆ ನನಗೂ ಜೀವ." ಅವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡ, ಅವಳ ಕಡೆ ಚಾಚಲಿಲ್ಲ. "ಆದ್ರೆ ನಿನ್ನ ಮುಂದೆ ನಾನು ಇನ್ನು ನೆಮ್ಮದಿಯಾಗಿ ಒಂದು ತಪ್ಪೂ ಮಾಡೋಕಾಗಲ್ಲ. ತಪ್ಪು ಮಾಡ್ದೆ ಬದುಕೋಕೆ ನಾನು ದೇವರಲ್ಲ."

ಒಳಗಿಂದ ಯಾರೋ ಮೆಷಿನ್ ಆಯ್ತಾ ಎಂದು ಕೂಗಿದರು. ಅವನು ತಿರುಗಿ ಹೊರಟವನು ನಿಂತ.

"ಹಿಟ್ಟು ಬಂತಾ?"

"ಇಲ್ಲ. ಎರಡು ಸಲ ಕೆಟ್ಟಿತು."

ಅವನು ಒಳಗೆ ಹೋಗಿ ಒಂದು ಪೊಟ್ಟಣ ತಂದು ಅವಳ ಕೈಗಿಟ್ಟ. ಬೆರಳಿಗೆ ಬೆರಳು ತಾಗದ ಹಾಗೆ ಇಟ್ಟ.

"ಹಲ್ಲಿಲ್ಲದೋರು ಇದ್ದಾರಲ್ಲ ಮನೇಲಿ," ಎಂದ. "ಹೋಗು."

ಶನಿವಾರ ಬ್ರೆಡ್ಡು ಹಳೆಯ ದಿನಗಳಂತೆ ಉಬ್ಬಿತು. ದೇವರು ಕೊನೆಗೂ ಕ್ಷಮಿಸಿದ ಎಂದು ಹಿರಿಯ ಕಣ್ಣೊರೆಸಿಕೊಂಡ. ಒಬ್ಬೊಬ್ಬರೇ ಎದ್ದು ತಮ್ಮ ತಪ್ಪು ಹೇಳಿ ಕೂತರು. ಒಬ್ಬ ಕಳೆ ಕೀಳದೆ ಮಲಗಿದ್ದ, ಒಬ್ಬಳು ಜೇನು ಕದ್ದು ನೆಕ್ಕಿದ್ದಳು. ಅವಳ ಸರದಿ ಬಂತು. ಎದ್ದು ನಿಂತಳು.

"ಈ ವಾರ ನನ್ನದೇನೂ ತಪ್ಪಿಲ್ಲ," ಎಂದಳು.

ದನಿ ಒಂದಿಷ್ಟೂ ನಡುಗಲಿಲ್ಲ. ಕೂತಾಗ ಮೇಜಿನ ಕೆಳಗೆ ಅಜ್ಜಿಯ ಒಣಗಿದ ಕೈ ಬಂದು ಅವಳ ಕೈ ಹಿಡಿಯಿತು.

"ಮೂರು ವಾರ ಮುಂಚೆ ಕಲೀಬಾರದಿತ್ತೇನೇ?" ಎಂದಳು ಅಜ್ಜಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ.

ಹಿರಿಯ ಬ್ರೆಡ್ಡು ಮುರಿದು ಮೊದಲ ತುಂಡನ್ನು ಮಗಳಿಗೆ ಕೊಟ್ಟ. ಮೆತ್ತಗಿತ್ತು, ಬಿಸಿಯಾಗಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ತಿಂದಳು.