ನೀಲಿ ದಾರದ ಮಾಲೆ

"ಬಾಗಿಲು ತೆಗೀರಿ! ಹೊಗೆ ಬರ್ತಿದೆ!"

ಬಾಗಿಲು ತೆರೆದವಳ ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಧೂಪದ ಬಟ್ಟಲು. ಚಾವಣಿಯಲ್ಲಿ ಹೊಗೆಯ ಅಲಾರಂ ಕಿರುಚುತ್ತಿತ್ತು. ಹೊರಗೆ ನಿಂತವನು ಎದುರು ಮನೆಯ ಲಿಫ್ಟ್ ಮೆಕ್ಯಾನಿಕ್. ಕಂಕುಳಲ್ಲಿ ಏಣಿ, ತಲೆಯ ಮೇಲೆ ಟೋಪಿ.

"ಬೆಂಕಿ ಎಲ್ಲಿ?"

"ಬೆಂಕಿ ಅಲ್ಲ... ಪೂಜೆ."

ಅವನು ನಕ್ಕಿದ್ದರೆ ಅವಳು ಮುಖಕ್ಕೇ ಬಾಗಿಲು ಹಾಕುತ್ತಿದ್ದಳು. ಪುಣ್ಯಾತ್ಮ ನಗಲಿಲ್ಲ. ಬೂಟು ಹೊರಗೆ ಬಿಚ್ಚಿಟ್ಟು ಒಳಗೆ ಬಂದ, ಏಣಿ ಹತ್ತಿ ಅಲಾರಮ್ಮಿನ ಬಾಯಿ ಮುಚ್ಚಿಸಿದ. ಇಳಿದವನ ಕಣ್ಣು ಕಪಾಟಿನ ಹಲಗೆಯ ಮೇಲಿದ್ದ ದೇವರ ಮೇಲೆ ಬಿತ್ತು. ತಟ್ಟನೆ ಟೋಪಿ ತೆಗೆದ. ತಲೆ ತುಂಬ ಗುಂಗುರು ಕೂದಲು!

"ನಾಳೆಯಿಂದ ಮೊದಲು ಕಿಟಕಿ ತೆಗೀರಿ, ಆಮೇಲೆ ಧೂಪ. ದೇವರಿಗೂ ಉಸಿರಾಡೋಕೆ ಗಾಳಿ ಬೇಕಲ್ವಾ?"

ಸಿಟ್ಟು ಬರಬೇಕಿತ್ತು. ಬರಲಿಲ್ಲ... ಏನು ಮಾಡೋದು?

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಊರವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಕೆಲಸ. ನಾಲ್ಕನೇ ಮಹಡಿಯಲ್ಲಿ ಒಬ್ಬಳೇ ವಾಸ. ಭಕ್ತಿ ಎಷ್ಟಿತ್ತೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಆಸ್ಪತ್ರೆಯ ಮಂಚದಲ್ಲಿ ಅಮ್ಮ ಕೈ ಹಿಡಿದು, "ದೀಪ ಮಾತ್ರ ತಪ್ಪಿಸಬೇಡ ಕಣೇ" ಅಂದಿದ್ದಳು. ಇವಳು ಹೂಂ ಅಂದಿದ್ದಳು. ಅಮ್ಮ ಹೋದಳು, ಹೂಂ ಉಳಿಯಿತು.

ಅಂದಿನಿಂದ ಬೆಳಗ್ಗೆ ಸ್ನಾನ, ನಿನ್ನೆಯ ಹೂ ತೆಗೆಯುವುದು, ದೇವರಿಗೆ ನೀರು, ಕುಂಕುಮ, ಹೊಸ ಹೂ, ದೀಪ, ಗಂಟೆ. ಹಲ್ಲುಜ್ಜಿದಷ್ಟೇ ಸಲೀಸಾಗಿ, ಅಷ್ಟೇ ತಣ್ಣಗೆ. ಮಂತ್ರ ಅರ್ಧ ಬರುತ್ತಿತ್ತು, ಇನ್ನರ್ಧಕ್ಕೆ ಗಂಟೆ ಜೋರಾಗಿ ಬಾರಿಸುತ್ತಿದ್ದಳು.

ಆ ಗಂಟೆ ಕೇಳಿದ ಮೇಲೇ ಎದುರು ಮನೆಯ ಬಾಗಿಲು ತೆರೆಯುತ್ತದೆ ಎಂಬುದನ್ನು ಅವಳು ಎರಡು ವಾರದಲ್ಲಿ ಗಮನಿಸಿದಳು. ಹೊರಡುವಾಗ ಇಬ್ಬರೂ ಒಂದೇ ಲಿಫ್ಟಿನಲ್ಲಿ. ನಾಲ್ಕು ಮಹಡಿ ಇಳಿಯುವಷ್ಟು ಹೊತ್ತು ಮಾತು. ಆಗೊಮ್ಮೆ ಈಗೊಮ್ಮೆ ಲಿಫ್ಟು ಎರಡನೇ ಮಹಡಿಯಲ್ಲಿ ಸುಮ್ಮನೆ ನಿಲ್ಲುತ್ತಿತ್ತು.

"ರಿಪೇರಿ ಮಾಡ್ಬಾರದಾ ಇದನ್ನ?"

"ಮಾಡ್ಬೇಕು... ಅವಸರ ಏನಿದೆ?"

ಏಳು ತಿಂಗಳು ಹೀಗೇ ಕಳೆಯಿತು.

ಅಷ್ಟರಲ್ಲಿ ಬೇರೆ ಊರಲ್ಲಿದ್ದ ಅಕ್ಕನಿಗೆ ಹೃದಯದ ಆಪರೇಷನ್ ಎಂದು ಫೋನ್ ಬಂತು. ಹದಿನಾಲ್ಕು ದಿನ ಹೋಗಲೇಬೇಕು. ದೀಪ? ಅವಳು ಎದುರು ಮನೆಯ ಬಾಗಿಲು ತಟ್ಟಿ ಕೀಲಿ ಕೊಟ್ಟಳು.

"ಬೇರೆ ಯಾರ ಕೈಗೂ ಕೊಡಬೇಡಿ. ನಾನು ಕೀಲಿ ಕೊಟ್ಟಿದ್ದು ನಿಮಗೆ."

"ನನ್ನ ಕೈ ಬಿಟ್ಟು ಹೋಗಲ್ಲ. ದೀಪಾನೂ ತಪ್ಪಲ್ಲ. ನಿಶ್ಚಿಂತೆಯಿಂದ ಹೋಗಿ."

ದಿನಾ ಬೆಳಗ್ಗೆ ಅವನ ಫೋನ್ ಬರುತ್ತಿತ್ತು. "ದೀಪ ಉರೀತಿದೆ. ನೀವು ಅಕ್ಕನ್ನ ನೋಡ್ಕೊಳ್ಳಿ." ಮೂರನೇ ದಿನದಿಂದ ಯಾಕೋ ಅವನ ದನಿ ಬಿದ್ದುಹೋಗಿತ್ತು. ಕೇಳಿದರೆ ಶೀತ ಅಂದ. ಅಕ್ಕ ಚೇತರಿಸಿಕೊಂಡಳು. ಮರಳುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ನಿರ್ಧರಿಸಿಯೇ ಬಿಟ್ಟಳು. ‘ಈ ಸಲ ಹೇಳಿಬಿಡ್ತೀನಿ. ಲಿಫ್ಟು ನಿಂತರೂ ಸರಿ, ನಿಲ್ಲದಿದ್ದರೂ ಸರಿ!’

ಬೆಳಕು ಹರಿಯುವ ಹೊತ್ತಿಗೆ ಮನೆ ತಲುಪಿ, ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದಳು. ಸೀದಾ ದೇವರ ಮುಂದೆ ಹೋಗಿ ನಿಂತಳು.

ಬ್ಯಾಗನ್ನು ಕೆಳಗಿಡುವುದೂ ಮರೆತುಹೋಯಿತು.

ಉಜ್ಜಿಟ್ಟ ಹಿತ್ತಾಳೆ ದೀಪ ಫಳಫಳ ಹೊಳೆಯುತ್ತಿತ್ತು. ದೇವರ ಹಣೆಗೆ ಅಚ್ಚುಕಟ್ಟಾದ ಕುಂಕುಮದ ಬೊಟ್ಟು. ಕೊರಳಲ್ಲಿ ನಿನ್ನೆಯ ಹೂವಿನ ಮಾಲೆ, ನೀಲಿ ದಾರದಲ್ಲಿ ಒತ್ತೊತ್ತಾಗಿ ಕಟ್ಟಿದ್ದು. ಸ್ಪ್ಯಾನರ್ ಹಿಡಿಯುವ ಕೈ ಕಟ್ಟುವ ಮಾಲೆಯೇ ಅದು? ನೆಲದ ಮೇಲೆ ಹಸಿರು ಬಳೆಯ ಚೂರು ಮಿನುಗುತ್ತಿತ್ತು.

‘ಹೆಂಗಸು... ನನ್ನ ಮನೆಯೊಳಗೆ, ಅಮ್ಮನ ದೇವರ ಮುಂದೆ!’

ಎದುರು ಬಾಗಿಲನ್ನು ದಬದಬ ಬಡಿದಳು. ಅವನು ಹೊರಗೆ ಬಂದ. ಕಣ್ಣು ಗುಳಿ ಬಿದ್ದಿತ್ತು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ.

"ಬಂದ್ರಾ? ಅಕ್ಕ ಹೇಗಿದಾರೆ?"

"ದೀಪ ಹಚ್ಚಿದ್ದು ನೀವಾ?"

ಅವನು ಸುಳ್ಳು ಹೇಳಲಿಲ್ಲ. "ಮೊದಲೆರಡು ದಿನ ನಾನು. ಆಮೇಲೆ ನಾನಲ್ಲ."

"ಮತ್ತೆ ಯಾರು? ಹೆಂಗಸಾ?"

"ಹೌದು, ಆದ್ರೆ..."

"ಸಾಕು! ಕೀಲಿ ನಿಮಗೇ ಅಂತ ಬಾಯಿಬಿಟ್ಟು ಹೇಳಿದ್ದೆ. ಕೈ ಬಿಟ್ಟು ಹೋಗಲ್ಲ ಅಂದವರು ನೀವು. ಕೊಡಿ ಇಲ್ಲಿ."

ಅವನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಬಿಸಿಯಾಗಿತ್ತು ಅದು.

ಒಳಗೆ ಬಂದು ಬಾಗಿಲಿಗೆ ಒರಗಿ ಕುಳಿತಳು. ‘ಅಮ್ಮಾ, ಎಂಥವನನ್ನ ನಂಬಿಬಿಟ್ಟೆ!’ ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳುವ ಮನಸ್ಸೂ ಬರಲಿಲ್ಲ. ಆ ಬೆಳಗ್ಗೆ ಗಂಟೆ ಬಾರಿಸಲಿಲ್ಲ, ದೀಪ ಹಚ್ಚಲು ಕೈಯೇ ಏಳಲಿಲ್ಲ.

ಲೋಕದ ಕೆಲಸ ಮಾತ್ರ ಯಾರ ದುಃಖಕ್ಕೂ ಕಾಯುವುದಿಲ್ಲ. ಬಸ್ಸಿನಲ್ಲಿ ಬ್ಯಾಗಿನ ಪಟ್ಟಿ ಕಿತ್ತುಹೋಗಿತ್ತು, ಅಂಗಡಿಗೆ ಹೋಗಲು ಅದೇ ಬೇಕು. ಹತ್ತು ಗಂಟೆಗೆ ಕೆಳಮಹಡಿಯ ಟೈಲರ್ ಅತ್ತೆಯ ಬಳಿ ಹೋದಳು. ಇಡೀ ಕಟ್ಟಡಕ್ಕೇ ಅತ್ತೆ ಆಕೆ. ಮಂಡಿನೋವು, ಬಾಯಿ ಮಾತ್ರ ಗಟ್ಟಿ.

"ಬಂದ್ಯೇನೇ ಪುಟ್ಟಿ? ಅಕ್ಕ ಹುಷಾರಾ? ಕೊಡಿಲ್ಲಿ ಪಟ್ಟಿ." ಅತ್ತೆ ಬ್ಯಾಗನ್ನು ಮೆಷಿನ್ನಿನ ಕೆಳಗೆ ತಳ್ಳಿದರು. ಕೈತುಂಬ ಹಸಿರು ಬಳೆ. ಮೆಷಿನ್ನಿನ ನೆತ್ತಿಯಲ್ಲಿ ನೀಲಿ ದಾರದ ಉರುಳೆ.

ಅವಳು ಉರುಳೆಗೆ ಬೆರಳು ತಾಗಿಸಿದಳು. "ಅತ್ತೆ... ನಮ್ಮನೆ ದೇವರಿಗೆ ಮಾಲೆ ಕಟ್ಟಿದ್ದು..."

"ಇನ್ಯಾರು? ಮನೇಲಿ ಹೂ ಕಟ್ಟೋ ದಾರ ಮುಗಿದಿತ್ತು, ಇದರಲ್ಲೇ ಕಟ್ಟಿದೆ. ದೇವರೇನು ಬಣ್ಣ ಕೇಳ್ತಾನಾ? ಯಾಕೇ, ಅವನು ಹೇಳ್ಲಿಲ್ವಾ?"

"ಏನನ್ನ?"

ಅತ್ತೆ ಮೆಷಿನ್ ನಿಲ್ಲಿಸಿದರು. "ಅವನಪ್ಪ ಹೋಗಿಬಿಟ್ರು ಕಣೇ. ಎರಡು ಬೀದಿ ಆಚೆ, ಅಣ್ಣನ ಮನೇಲಿದ್ರಲ್ಲ. ನೀನು ಹೋದ ಮೂರನೇ ದಿನ. ಸೂತಕದಲ್ಲಿ ದೇವರನ್ನ ಮುಟ್ಟೋ ಹಾಗಿಲ್ಲ. ಇಲ್ಲಿಗೆ ಓಡಿ ಬಂದ. ‘ಅತ್ತೆ, ಅವರ ದೀಪ ತಪ್ಪಬಾರದು’ ಅಂದ. ಅಪ್ಪ ಸತ್ತು ಇನ್ನೂ ಒಂದು ಗಂಟೆ ಆಗಿರ್ಲಿಲ್ಲ!"

ಅವಳು ಸ್ಟೂಲನ್ನು ಅತ್ತೆಯ ಹತ್ತಿರಕ್ಕೆ ಎಳೆದು ಕುಳಿತಳು.

"ಕೀಲಿ ಕೊಡೋ, ನಾನೇ ಹೋಗ್ತೀನಿ ಅಂದೆ. ಊಹೂಂ! ಕೀಲಿ ಬೇರೆಯವರ ಕೈಗೆ ಕೊಡಲ್ಲ ಅಂತ ಮಾತು ಕೊಟ್ಟಿದಾನಂತೆ. ದಿನಾ ತಾನೇ ಬಂದು ಬೀಗ ತೆಗೆದು, ಹೊಸಿಲಾಚೆ ಮೆಟ್ಟಿಲ ಮೇಲೆ ಕೂತಿರ್ತಿದ್ದ. ಒಂದು ದಿನ ಒಳಗೆ ಕಾಲಿಟ್ಟಿದ್ರೆ ಕೇಳು. ಪೂಜೆ ಮುಗಿದ ಮೇಲೆ ತಾನೇ ಬೀಗ ಹಾಕೋನು."

"ನಿಮ್ಮ ಮಂಡಿ... ನಾಲ್ಕು ಮಹಡಿ..."

"ಆ ಲಿಫ್ಟಿನ ಡಬ್ಬಿಯೊಳಗೆ ಹುಟ್ಟಿದಾಗಿನಿಂದ ಕಾಲಿಟ್ಟವಳಲ್ಲ ನಾನು. ಸೂತಕದವನು ಜೊತೆಗೆ ನಿಲ್ಲೋ ಹಾಗಿಲ್ವಲ್ಲ, ನನ್ನನ್ನ ಒಳಗೆ ನಿಲ್ಲಿಸಿ, ತಾನು ಮೆಟ್ಟಿಲ ಮೇಲೆ ಓಡ್ತಿದ್ದ. ಒಂದೊಂದು ಮಹಡೀಲೂ ಕೂಗೋನು, ‘ಅತ್ತೆ, ಹೆದರಬೇಡಿ, ಇಲ್ಲೇ ಇದೀನಿ!’ ನಿನ್ನ ದೇವರಿಗೋಸ್ಕರ ನನ್ನ ದೇವರನ್ನೆಲ್ಲ ಕರೆದಿದೀನಿ ಕಣೇ!"

ಅತ್ತೆ ನಗುತ್ತಿದ್ದರು. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಊರವರಿಗೆಲ್ಲ ಕನ್ನಡಕ, ತನಗೆ ಮಾತ್ರ ಎದುರಿಗಿದ್ದವನು ಕಾಣಲಿಲ್ಲ!

ಬ್ಯಾಗನ್ನು ಅಲ್ಲೇ ಬಿಟ್ಟು ಎದ್ದಳು. ಲಿಫ್ಟಿಗೆ ಕಾಯಲಿಲ್ಲ. ನಾಲ್ಕು ಮಹಡಿಯನ್ನೂ ಓಡಿಯೇ ಹತ್ತಿದಳು, ಅವನು ಹತ್ತಿದ್ದ ಹಾಗೆ.

ಅವನು ಬಾಗಿಲು ತೆಗೆದ. ತಲೆಯ ಮೇಲೆ ಟೋಪಿ ಇರಲಿಲ್ಲ. ಗುಂಗುರು ಕೂದಲಿದ್ದ ಜಾಗ ಬೋಳಾಗಿತ್ತು.

"ಯಾಕೆ ಹೇಳ್ಲಿಲ್ಲ?" ಅವಳಿಗೆ ಉಸಿರು ಸಿಗುತ್ತಿರಲಿಲ್ಲ.

"ಆಸ್ಪತ್ರೇಲಿ ಕೂತಿರೋರಿಗೆ ಸಾವಿನ ಸುದ್ದಿ ಹೇಗೆ ಹೇಳಲಿ?"

"ಬೆಳಗ್ಗೆ? ನಾನು ಅಷ್ಟು ಬೈದಾಗ?"

"ಅಪ್ಪನ ಸಾವನ್ನ ನೆಪ ಮಾಡ್ಕೊಳ್ಳೋಕೆ ಬಾಯಿ ಬರಲಿಲ್ಲ."

"ನನ್ನ ತಪ್ಪು... ದೊಡ್ಡ ತಪ್ಪು. ಕ್ಷಮಿಸಿ." ಅವಳು ಕಣ್ಣೊರೆಸಿಕೊಂಡಳು. "ಸೂತಕ ಯಾವಾಗ ಮುಗೀತು?"

"ನಿನ್ನೆ ಸಂಜೆ."

"ಹಾಗಾದ್ರೆ ಬನ್ನಿ. ಇವತ್ತು ಇನ್ನೂ ದೀಪ ಹಚ್ಚಿಲ್ಲ."

ಅವನು ಹೊಸಿಲ ತನಕ ಬಂದು ನಿಂತುಬಿಟ್ಟ. ಅಷ್ಟು ದಿನದ ಅಭ್ಯಾಸ. ಅವಳು ಕೈ ಹಿಡಿದು ಒಳಗೆ ಕರೆದಳು. ಮೊದಲು ಕಿಟಕಿ ತೆಗೆದಳು, ಆಮೇಲೆ ಬೆಂಕಿಪೊಟ್ಟಣ ಕೊಟ್ಟಳು. ಕಿಟಕಿಯ ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ಅವಳೂ ಕೈ ಅಡ್ಡ ಹಿಡಿದಳು. ದೀಪ ಹತ್ತಿಕೊಂಡಿತು.

ಅವನು ಆಗ ಅತ್ತ. ಅಪ್ಪ ಹೋದ ಮೇಲೆ ಅದೇ ಮೊದಲು.

"ಅಪ್ಪ ಹೋದಾಗ ನಂಗೆ ನೆನಪಾಗಿದ್ದು ನೀವು," ಅಂದ. "ನಿಮ್ಮ ದೀಪವಾದ್ರೂ ಆರಬಾರದು ಅನ್ನಿಸ್ತು."

ಅವಳು ಬೆಳಗ್ಗೆ ಕಿತ್ತುಕೊಂಡಿದ್ದ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಮತ್ತೆ ಎಲ್ಲಿಗೆ ಹೊರಟಿದೀರಿ?"

"ಎಲ್ಲಿಗೂ ಇಲ್ಲ."

"ಮತ್ತೆ ಕೀಲಿ ಯಾಕೆ?"

"ನಾನು ಮನೇಲಿದ್ದಾಗಲೂ ನೀವು ಬರಬೇಕಲ್ಲ..."

ಅವನು ಕಣ್ಣೀರಿನ ನಡುವೆಯೇ ಅವಳನ್ನು ನೋಡಿದ. "ಹೊಸಿಲ ತನಕಾನಾ?"

"ಇಲ್ಲ," ಅಂದಳು ಅವಳು. "ಒಳಗೆ."