ಗೆರೆ ಮೂಡಿದ ರೆಕ್ಕೆಗಳು

ನನ್ನ ಅಕ್ಕನ ಮಗಳು ಎರಡು ಗಾಜಿನ ಸೀಸೆ ಹಿಡಿದು ಅಡುಗೆ ಕೋಣೆಯ ಬಾಗಿಲಿಗೆ ಬಂದಾಗ ಚಿಕ್ಕಮ್ಮ ನೊಣಗಳಿಗೆ ಗಂಜಿ ಕಾಯಿಸುತ್ತಿದ್ದರು. ಸಂಶೋಧನಾಲಯದ ಹಣ್ಣುನೊಣಗಳಿಗೆಲ್ಲ ಮೂವತ್ತು ವರ್ಷಗಳಿಂದ ಅವರ ಕೈಯದೇ ಊಟ. ಯಾರಿಗೂ ನೆಂಟರಲ್ಲದಿದ್ದರೂ ಎಲ್ಲರಿಗೂ ಅವರು ಚಿಕ್ಕಮ್ಮ. ಕಾಣೆಯಾದ ಮಸೂರ, ಅದಲುಬದಲಾದ ತಳಿ, ಇಂಥ ಎಷ್ಟೋ ಗೋಜಲುಗಳನ್ನು ಅವರು ಸೌಟು ಕೆಳಗಿಡದೆ ಬಿಡಿಸಿದ್ದರು. ಅಲ್ಲಿ ಸೂಕ್ಷ್ಮದರ್ಶಕಗಳನ್ನು ರಿಪೇರಿ ಮಾಡುತ್ತಿದ್ದ ನಾನು ಬಿಡುವಾದಾಗಲೆಲ್ಲ ಅವರ ಕೋಣೆಯಲ್ಲೇ ಠಿಕಾಣಿ ಹೂಡುತ್ತಿದ್ದೆ.

"ನನ್ನ ಕತೆ ಮುಗೀತು ಮಾಮ," ಎಂದು ಹುಡುಗಿ ಸ್ಟೂಲಿನ ಮೇಲೆ ಕುಸಿದಳು. "ನೊಣಗಳ ರೆಕ್ಕೆ ಮೇಲೆ ಗೆರೆ ಬಂದುಬಿಟ್ಟಿದೆ."

"ರೆಕ್ಕೆ ಮೇಲೆ ಗೆರೆ ಇದ್ರೆ ತಪ್ಪೇನು?" ಎಂದೆ.

"ನನ್ನ ನೊಣಕ್ಕೆ ಇರಬಾರದು! ಜೀವಕೋಶದ ಮೈಮೇಲೆ ಸುದ್ದಿ ಹಿಡಿಯೋ ಗ್ರಾಹಕ ಅಂತ ಇರತ್ತೆ. ಹೊರಗಿಂದ 'ಬೆಳೆ' ಅನ್ನೋ ಸುದ್ದಿ ಅದಕ್ಕೆ ಮುಟ್ಟಿದ ಕಡೆ ಗೆರೆ ಮೂಡತ್ತೆ. ನಾನು ಅಧ್ಯಯನಕ್ಕೆ ಹಿಡಿದಿರೋ ಪ್ರೋಟೀನು ಆ ಸುದ್ದೀನ ದಾರೀಲೇ ತಡೆದುಬಿಡತ್ತೆ. ಅದನ್ನ ಅತಿಯಾಗಿ ತಯಾರಿಸೋ ತಳಿ ನಂದು. ಬಿಸಿ ಪೆಟ್ಟಿಗೇಲಿ ಬೆಳೆಸಿದ್ರೆ ರೆಕ್ಕೆ ಬೋಳಾಗ್ಬೇಕು. ಹೋದ ಸಲ ಹಾಗೇ ಆಗಿತ್ತು. ಈ ಸಲ ಎರಡು ಸೀಸೆ ತೆಗೆದು ನೋಡಿದೆ, ಎರಡರಲ್ಲೂ ಎಲ್ಲ ನೊಣಕ್ಕೂ ಗೆರೆ! ಉಳಿದ ನಾಲ್ಕನ್ನ ಮುಟ್ಟೋಕೇ ಧೈರ್ಯ ಬರಲಿಲ್ಲ."

"ಯಾರೋ ನೊಣ ಬದಲಾಯಿಸಿದ್ದಾರೆ," ಎಂದೆ ನಾನು. ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ, ಇವಳು ನಮ್ಮ ಮನೆಯ ಹುಡುಗಿ.

ಚಿಕ್ಕಮ್ಮ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕಿತ್ತಳೆ ಕಣ್ಣು. ಈ ಸಂಶೋಧನಾಲಯದಲ್ಲಿ ಈ ಬಣ್ಣದ ಕಣ್ಣು ಇವಳ ತಳಿಗೆ ಬಿಟ್ರೆ ಬೇರೆ ಯಾವುದಕ್ಕೂ ಇಲ್ಲ. ನೊಣ ಇವಳದೇ ಕಣಪ್ಪಾ." ಆಮೇಲೆ ಸೀಸೆಯ ಚೀಟಿಯನ್ನು ಹೆಬ್ಬೆರಳಿನಿಂದ ಸವರಿದರು. "ಶಾಯಿ ಯಾಕೆ ಹೀಗೆ ಹರಡಿದೆ?"

"ಗೊತ್ತಿಲ್ಲ ಚಿಕ್ಕಮ್ಮ. ಅಮ್ಮನ ಕಣ್ಣಿನ ಆಪರೇಷನ್‌ಗೆ ಊರಿಗೆ ಹೋಗಿದ್ನಲ್ಲ, ಮೊಟ್ಟೆ ಇಟ್ಟ ಮೂರನೇ ದಿನ ಹೊರಟೆ, ಹನ್ನೊಂದನೇ ದಿನ ವಾಪಸ್ ಬಂದೆ. ಬಂದಾಗಲೇ ಹೀಗಿತ್ತು. ಒಂಬತ್ತನೇ ದಿನ ಹೊರಗೆ ಬರಬೇಕಾದ ನೊಣ ಹನ್ನೆರಡನೇ ದಿನ, ಅಂದ್ರೆ ಇವತ್ತು ಬಂದ್ವು. ಗಂಜಿ ಗಟ್ಟಿಯಾಗಿತ್ತೇನೋ ಅಂದ್ಕೊಂಡೆ."

"ನನ್ನ ಗಂಜಿ ಗಟ್ಟಿಯಾಗಿತ್ತಾ?" ಚಿಕ್ಕಮ್ಮನ ಹುಬ್ಬು ಮೇಲೇರಿತು.

ಅಷ್ಟರಲ್ಲಿ ಬಾಗಿಲಲ್ಲಿ ಅವಳ ಮಾರ್ಗದರ್ಶಕರು ಕಾಣಿಸಿಕೊಂಡರು. ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದ ಅವರು ಎಂದೂ ದನಿ ಎತ್ತಿದವರಲ್ಲ. ಅಂದೂ ಎತ್ತಲಿಲ್ಲ. "ಆರಕ್ಕೆ ಆರೂ ಸೀಸೇಲಿ ಗೆರೆ ಇರೋ ನೊಣ. ಅಂದ್ರೆ ಹೋದ ಸಲ ನೀನು ತೋರಿಸಿದ ಬೋಳು ರೆಕ್ಕೆ ಚಿತ್ರಗಳು ಎಲ್ಲಿಂದ ಬಂದ್ವಮ್ಮ? ಈ ಪ್ರೋಟೀನು ಯಾವ ಸುದ್ದೀನೂ ತಡೆಯಲ್ಲ ಅಂತ ಹತ್ತು ವರ್ಷದ ಹಿಂದೇನೇ ನಾನು ಬರೆದಿದ್ದೆ. ನಾಡಿದ್ದು ಪರೀಕ್ಷಕರು ಬರ್ತಾರೆ. ಅವರ ಮುಂದೆ ನಿನ್ನ ಹೆಸರು ಹಾಳಾಗೋದು ಬೇಡ. ನೀನಾಗೇ ಪ್ರಬಂಧ ವಾಪಸ್ ತಗೋ."

ಅವರು ಹೋದ ಮೇಲೆ ಹುಡುಗಿ ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಅಕ್ಕನ ಆಪರೇಷನ್ನಿಗೆ ಹೋಗು ಎಂದು ಪಟ್ಟು ಹಿಡಿದು ಅವಳನ್ನು ಕಳಿಸಿದವನು ನಾನೇ.

"ಕೂತು ಕೊರಗಬೇಡ. ತಣ್ಣನೆ ಪೆಟ್ಟಿಗೆಯ ಕಾಗದ ತಗೊಂಡು ಬಾ," ಎಂದರು ಚಿಕ್ಕಮ್ಮ ನನಗೆ.

ಪೆಟ್ಟಿಗೆಯ ಒಳಗಿನ ಶಾಖವನ್ನು ಒಂದು ಲೇಖನಿ ಹಗಲೂ ರಾತ್ರಿ ದುಂಡನೆಯ ಕಾಗದದ ಮೇಲೆ ಬರೆಯುತ್ತಿರುತ್ತದೆ. ವಾರಕ್ಕೊಮ್ಮೆ ಆ ಕಾಗದ ಬದಲಾಯಿಸುವುದು ನನ್ನದೇ ಕೆಲಸ. ಎರಡು ವಾರದ ಕಾಗದ ತಂದು ಹರಡಿದೆ. ಸಮನಾದ ಗೆರೆಯಲ್ಲಿ ಎರಡೇ ಎರಡು ದೊಡ್ಡ ಉಬ್ಬು: ನಾಲ್ಕನೇ ದಿನ ಸಂಜೆ, ಹತ್ತನೇ ದಿನ ಬೆಳಿಗ್ಗೆ. ಆ ಎರಡು ಹೊತ್ತಿನಲ್ಲಿ ಯಾರೋ ಬಾಗಿಲನ್ನು ಬಹಳ ಹೊತ್ತು ತೆರೆದಿಟ್ಟಿದ್ದರು.

"ನಾಲ್ಕನೇ ದಿನ ರಜೆ," ಎಂದಳು ಹುಡುಗಿ. "ರಜೆ ದಿನ ಕೀಲಿ ಇರೋದು ಇಬ್ಬರ ಹತ್ರ ಮಾತ್ರ. ಒಬ್ಬರು ಮೇಷ್ಟ್ರು, ಇನ್ನೊಬ್ಬರು ಕನ್ನಡಕ."

ಕನ್ನಡಕ ಎಂದರೆ ಪಕ್ಕದ ಮೇಜಿನ ಹಿರಿಯ ಸಂಶೋಧಕ. ಖಾಲಿಯಿದ್ದ ಒಂದೇ ಹುದ್ದೆಗೆ ಅವನೂ ಇವಳೂ ಅರ್ಜಿ ಹಾಕಿದ್ದರು. ನನಗೆ ಅಲ್ಲಿಗೆ ಎಲ್ಲ ಹೊಳೆದುಹೋಯಿತು. ಎದ್ದು ನಿಂತೆ. ಚಿಕ್ಕಮ್ಮ ನನ್ನ ಅಂಗಿ ಹಿಡಿದೆಳೆದರು. "ಆತುರ ಬೇಡ. ನಾಳೆ ಬೆಳಿಗ್ಗೆ ಎಲ್ಲರನ್ನೂ ಕರಿ."

ಮರುದಿನ ನೊಣದ ಕೋಣೆಯಲ್ಲಿ ಐವರು ಸೇರಿದೆವು. ಮೇಷ್ಟ್ರು ಕಿಟಕಿಯ ಬಳಿ ನಿಂತಿದ್ದರು. ಕನ್ನಡಕ ಮೇಜಿಗೆ ಒರಗಿದ್ದ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಆರು ಸೀಸೆಗಳನ್ನು ಸಾಲಾಗಿಟ್ಟರು.

"ಈ ಹುಡುಗಿ ಸುಳ್ಳು ಹೇಳಿಲ್ಲ. ಅವಳ ನೊಣ ಮೂರು ದಿನ ತಡವಾಗಿ ಬಂದ್ವು. ನೊಣ ತಡ ಮಾಡೋದು ತಂಪಲ್ಲಿಟ್ರೆ. ತಂಪಿನಿಂದ ತೆಗೆದ ಸೀಸೆ ಹೊರಗಿನ ಸೆಕೆಗೆ ಬಂದ್ರೆ ಬೆವರತ್ತೆ. ಅದಕ್ಕೇ ಚೀಟಿ ಶಾಯಿ ಹರಡಿದೆ. ನಾಲ್ಕನೇ ದಿನ ಇವನ್ನ ತಣ್ಣನೆ ಪೆಟ್ಟಿಗೆಗೆ ಹಾಕಿ, ಹತ್ತನೇ ದಿನ ವಾಪಸ್ ಬಿಸಿ ಪೆಟ್ಟಿಗೇಲಿಟ್ಟಿದ್ದಾರೆ. ಹುಳ ಗೂಡು ಕಟ್ಟಿ ರೆಕ್ಕೆ ರೂಪ ಪಡೆಯೋ ಹೊತ್ತು ಅದೇ. ಈ ತಳೀಲಿ ತಂಪಿದ್ರೆ ತಡೆಯೋ ಪ್ರೋಟೀನು ಕಮ್ಮಿ ಹುಟ್ಟತ್ತೆ, ಸುದ್ದಿ ಗ್ರಾಹಕಕ್ಕೆ ಮುಟ್ಟತ್ತೆ, ಗೆರೆ ಮೂಡತ್ತೆ."

ಎಲ್ಲರ ಕಣ್ಣೂ ಕನ್ನಡಕನ ಮೇಲೆ ಬಿತ್ತು. ಅವನು ಬೆಪ್ಪಾಗಿ ನಿಂತ. "ನಾನು ಎಂಟನೇ ದಿನದಿಂದ ಹನ್ನೊಂದನೇ ದಿನದವರೆಗೂ ಇಲ್ಲಿರಲೇ ಇಲ್ಲ. ಸಮ್ಮೇಳನಕ್ಕೆ ಹೋಗಿದ್ದೆ!"

"ಗೊತ್ತಪ್ಪಾ. ನಿನ್ನ ನೊಣಕ್ಕೂ ನಾನೇ ತಾನೆ ಊಟ ಹಾಕಿದ್ದು," ಎಂದ ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದರು. "ಮೇಷ್ಟ್ರೆ, ಬರಿಗಣ್ಣಿಗೆ ಈ ಗೆರೆ ಕಾಣಲ್ಲ. ಇವಳು ನೋಡಿದ್ದು ಎರಡೇ ಸೀಸೆ. ಆರರಲ್ಲೂ ಗೆರೆ ಇದೆ ಅಂತ ನಿಮಗೆ ಹ್ಯಾಗೆ ಗೊತ್ತಾಯ್ತು?"

ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಹತ್ತು ವರ್ಷದ ಹಿಂದೆ ನೀವು ಸುಳ್ಳು ಬರೆದಿರಲಿಲ್ಲ," ಎಂದು ಚಿಕ್ಕಮ್ಮ ಮೆಲ್ಲಗೆ ಮುಂದುವರಿಸಿದರು. "ಆಗ ಬಿಸಿ ಪೆಟ್ಟಿಗೆ ಕೆಟ್ಟಿತ್ತು. ನಿಮ್ಮ ನೊಣವೆಲ್ಲ ತಂಪಲ್ಲೇ ಬೆಳೆದ್ವು, ಗೆರೆ ಮೂಡ್ತು. ಅದು ಅರಿಯದೆ ಆದ ತಪ್ಪು. ಇವಳ ಬೋಳು ರೆಕ್ಕೆ ನೋಡಿದಾಗ ನಿಮಗೆ ಅದು ಅರ್ಥ ಆಯ್ತು. ಆದ್ರೆ ಒಪ್ಕೊಳ್ಳೋಕೆ ಮನಸ್ಸು ಬರಲಿಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ನನ್ನ ಹೆಸರು ಇರೋದೇ ಆ ಒಂದು ಲೇಖನದಿಂದ," ಎಂದರು.

ಹುಡುಗಿ ಈಗ ಕಿರುಚುತ್ತಾಳೆ, ಸೀಸೆ ಎತ್ತಿ ಒಗೆಯುತ್ತಾಳೆ ಎಂದುಕೊಂಡೆ. ಅವಳು ಸೀಸೆಗಳನ್ನೇ ನೋಡುತ್ತಿದ್ದಳು. ಮುಖದ ಮೇಲಿನ ಕೋಪ ನಿಧಾನವಾಗಿ ಬೇರೇನೋ ಆಗಿ ತಿರುಗಿತು. ಚಿಕ್ಕಂದಿನಲ್ಲಿ ನನ್ನ ಗಡಿಯಾರಗಳನ್ನೆಲ್ಲ ಬಿಚ್ಚಿ ಹರಡಿದಾಗ ಇದ್ದ ಮುಖ ಅದು.

"ತಡೆ ಹೆಚ್ಚಾದ್ರೆ ಬೋಳು, ಕಮ್ಮಿಯಾದ್ರೆ ಗೆರೆ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಒಂದೇ ತಳಿ, ಒಂದೇ ಗಂಜಿ. ಬದಲಾಗಿದ್ದು ಶಾಖ ಮಾತ್ರ. ಹಾಗಿದ್ರೆ ಇದು ನನ್ನ ಮಾತಿಗೆ ಎದುರು ಸಾಕ್ಷಿ ಅಲ್ಲವೇ ಅಲ್ಲ! ನಾನು ಮಾಡದೇ ಬಿಟ್ಟಿದ್ದ ಪ್ರಯೋಗ ಇದು."

ಅವಳು ನೋಟ್‌ಪುಸ್ತಕ ತೆರೆದು ಮೇಷ್ಟ್ರ ಎದುರು ಕೂತಳು.

"ನಾಲ್ಕನೇ ದಿನ ಸಂಜೆ ಎಷ್ಟು ಗಂಟೆಗೆ ಒಳಗಿಟ್ರಿ ಸರ್? ಹತ್ತನೇ ದಿನ ಎಷ್ಟಕ್ಕೆ ತೆಗೆದ್ರಿ? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಾಳೆ ಪರೀಕ್ಷಕರು ಕೇಳ್ತಾರೆ, ಯಾರು ಇಟ್ಟಿದ್ದು ಅಂತಾನೂ ಕೇಳ್ತಾರೆ."

ಮೇಷ್ಟ್ರು ಕೈ ಮುಂದೆ ಚಾಚಿದರು. "ಪೆನ್ನು ಕೊಡಮ್ಮ. ನಾನೇ ಬರೆದು ಸಹಿ ಹಾಕ್ತೀನಿ."